ಊರಿನ ವೀರಗಲ್ಲು, ಶಾಸನಗಳನ್ನು ದಾಖಲಿಸುವ ಬಗೆ

ಕರ್ನಾಟಕದ ಹಳ್ಳಿಗಳಲ್ಲಿ ಹಳೆಯ ಕಲ್ಲುಗಳನ್ನು ಹುಡುಕಿಕೊಂಡು ಬಹಳ ದೂರ ಹೋಗಬೇಕಿಲ್ಲ. ಕೆರೆ ಏರಿಯ ಮೇಲೆ, ಹಾಳು ಗುಡಿಯ ಹಿಂದೆ, ಊರಬಾಗಿಲ ಪಕ್ಕ, ಹೊಲದ ಬದುವಿನಲ್ಲಿ ಕಾದಾಡಿ ಸತ್ತವರ ನೆನಪಿನ ವೀರಗಲ್ಲು, ಸತಿಹೋದವರ ನೆನಪಿನ ಮಾಸ್ತಿಗಲ್ಲು, ಬರಹ ಕೆತ್ತಿದ ಶಾಸನಗಳು ನಿಂತೋ ಒರಗಿಯೋ ಇರುತ್ತವೆ. ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ, ಕೆಲವು ಚರಂಡಿಯ ಮೇಲಿನ ಚಪ್ಪಡಿಯಾಗಿವೆ. ರಸ್ತೆ ಅಗಲೀಕರಣ, ಜೆಸಿಬಿ, ನಿಧಿಯ ಆಸೆ ಇವುಗಳ ಜೊತೆಗೆ ಭಕ್ತಿಯಿಂದ ಬಳಿದ ಎನಾಮಲ್ ಬಣ್ಣವೂ ಅವುಗಳನ್ನು ಹಾಳುಮಾಡುತ್ತದೆ. ಹಾಳಾದದ್ದನ್ನು ಮರಳಿ ತರಲಾಗದು. ಹಾಳಾಗುವ ಮೊದಲು ಸರಿಯಾಗಿ ದಾಖಲಿಸಲು ಮಾತ್ರ ಯಾರಿಗಾದರೂ ಸಾಧ್ಯ. ಅದಕ್ಕೆ ಪದವಿ ಬೇಡ, ಕ್ರಮ ಬೇಕು.

ಕ್ರಮ ಇಷ್ಟು: ಕಲ್ಲನ್ನು ತೊಳೆಯುವ, ಸರಿಸುವ, ಅದರ ಅರ್ಥ ಹೇಳುವ ಮೊದಲು ಅದು ಇದ್ದದ್ದು ಇದ್ದ ಹಾಗೆ ಬರೆದಿಡಬೇಕು. ಕಲ್ಲು ಹೇಳುವ ಮಾತು ಮತ್ತು ಕಲ್ಲಿನ ಬಗ್ಗೆ ಊರು ಹೇಳುವ ಮಾತು, ಎರಡನ್ನೂ ಬರೆಯಬೇಕು, ಆದರೆ ಬೆರೆಸಬಾರದು. ಈ ಕೆಲಸದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಎರಡು ನಿಯಮಗಳನ್ನು ಮೀರಿದ್ದರಿಂದ ಆಗುವಂಥವು.

ಹೊರಡುವ ಮೊದಲು

ನಿಮ್ಮ ಊರಿನ ಕಲ್ಲು ಈಗಾಗಲೇ ಪ್ರಕಟವಾಗಿದೆಯೇ ನೋಡಿ. ಹಳೆಯ ಮೈಸೂರು ಸೀಮೆ ಮತ್ತು ಕೊಡಗಿನ ಶಾಸನಗಳು ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿವೆ. ಅವುಗಳ ಪರಿಷ್ಕೃತ ಆವೃತ್ತಿಯನ್ನು ಮೈಸೂರಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ತಂದಿದೆ. ಧಾರವಾಡ, ವಿಜಯಪುರ, ಬೆಳಗಾವಿ ಕಡೆಯವರಿಗೆ ಈ ಸಂಪುಟಗಳಲ್ಲಿ ಏನೂ ಸಿಗದು. ಮುಂಬಯಿ ಕರ್ನಾಟಕದ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೇ ಸಂಪುಟಗಳಲ್ಲಿವೆ. ಹಳೆಯ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಸೀಮೆಯ ಕನ್ನಡ ಶಾಸನಗಳನ್ನು ಅದೇ ಮಾಲೆಯ 9ನೇ ಸಂಪುಟದಲ್ಲಿ ನೋಡಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಜಿಲ್ಲಾವಾರು ಶಾಸನ ಸಂಪುಟಗಳನ್ನು ಪ್ರಕಟಿಸಿದೆ.

ಹುಡುಕುವಾಗ ಎಡವುವುದು ತಾಲ್ಲೂಕಿನ ಹೆಸರಿನಲ್ಲಿ. ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಾಸನಕ್ಕೆ ತಾಲ್ಲೂಕು ಮತ್ತು ಕ್ರಮಸಂಖ್ಯೆಯೇ ಗುರುತು. ಸಂಪುಟ ಅಚ್ಚಾದಾಗ ನಿಮ್ಮ ಊರು ಬೇರೆ ತಾಲ್ಲೂಕಿನಲ್ಲಿ ಇದ್ದಿರಬಹುದು. ಸುತ್ತಲಿನ ಮೂರು ನಾಲ್ಕು ತಾಲ್ಲೂಕುಗಳನ್ನೂ, ಊರಿನ ಹಳೆಯ ಹೆಸರನ್ನೂ, ಪಕ್ಕದ ಬೇಚಿರಾಕ್ ಗ್ರಾಮಗಳ ಹೆಸರನ್ನೂ ನೋಡಿ. ಜನ ಬಿಟ್ಟುಹೋದ ಹಾಳೂರಿನ ಕಲ್ಲನ್ನು ಆ ಹಾಳೂರಿನ ಹೆಸರಿನಲ್ಲೇ ದಾಖಲಿಸುವ ರೂಢಿಯಿತ್ತು.

ಪ್ರಕಟವಾಗಿದ್ದರೆ ಕೆಲಸ ಮುಗಿಯಿತು ಎಂದಲ್ಲ. ನೂರು ವರ್ಷದ ಹಿಂದೆ ಇದ್ದ ಸಾಲುಗಳಲ್ಲಿ ಈಗ ಎಷ್ಟು ಉಳಿದಿವೆ, ಕಲ್ಲು ಅದೇ ಜಾಗದಲ್ಲಿದೆಯೇ ಎಂಬುದು ಪುಸ್ತಕದಲ್ಲಿ ಸಿಗುವುದಿಲ್ಲ. ಹಳೆಯ ಸಂಪಾದಕರು ಬರಹವಿರುವ ಕಲ್ಲಿಗೆ ಕೊಟ್ಟ ಗಮನವನ್ನು ಬರಹವಿಲ್ಲದ ವೀರಗಲ್ಲಿಗೆ ಕೊಡಲಿಲ್ಲ. ಅವು ಇಂದಿಗೂ ಲೆಕ್ಕಕ್ಕೆ ಬರದೆ ಉಳಿದಿವೆ. ಅಂಥ ಒಂದು ಮೂಕ ಕಲ್ಲನ್ನು ದಾಖಲಿಸಿದರೂ ಹೊಸ ಕೆಲಸ ಮಾಡಿದಂತೆಯೇ.

ಜೊತೆಗೆ ಒಯ್ಯಬೇಕಾದವು: 3 ಮೀಟರಿನ ಉಕ್ಕಿನ ಟೇಪು, 30 ಮೀಟರಿನ ಉದ್ದ ಟೇಪು, 10 ಸೆಂಟಿಮೀಟರ್ ಗುರುತಿರುವ ಅಳತೆಪಟ್ಟಿ, ಮೊಬೈಲು ಅಥವಾ ಕ್ಯಾಮೆರಾ, ಪ್ರಖರವಾದ ಎಲ್‌ಇಡಿ ಟಾರ್ಚು, ಒಂದು ಅಡಿ ಅಗಲ ಒಂದೂವರೆ ಅಡಿ ಉದ್ದದ ಕನ್ನಡಿ, ಕಪ್ಪು ಕೊಡೆ ಅಥವಾ ದಪ್ಪ ಬಟ್ಟೆ, ಮೆತ್ತನೆಯ ಬಣ್ಣದ ಬ್ರಷ್, ಬಿದಿರು ಕಡ್ಡಿ, ಐದು ಲೀಟರ್ ಶುದ್ಧ ನೀರು, ಗಟ್ಟಿ ರಟ್ಟಿನ ನೋಟುಪುಸ್ತಕ, ಪೆನ್ಸಿಲ್. ಪೆನ್ನು ನೀರು ತಾಗಿದರೆ ಹರಡುತ್ತದೆ. ತಂತಿ ಬ್ರಷ್, ಸೀಮೆಸುಣ್ಣ, ಸೋಪು, ಆಸಿಡ್ ಚೀಲದಲ್ಲಿ ಇರಲೇಬಾರದು. ಇದ್ದರೆ ಯಾರಾದರೂ ಬಳಸಿಯೇ ಬಿಡುತ್ತಾರೆ.

ಮೊದಲು ಊರಿನವರ ಮಾತು

ಕಲ್ಲಿನ ಹತ್ತಿರ ಹೋಗುವ ಮೊದಲು ಊರಿನ ಹಿರಿಯರನ್ನೂ ಜಮೀನಿನ ಒಡೆಯರನ್ನೂ ಕಂಡು ಏಕೆ ಬಂದಿದ್ದೀರಿ ಎಂದು ತಿಳಿಸಿ. ಹಳೆಯ ಕಲ್ಲಿನ ಬಳಿ ಅಪರಿಚಿತರು ಟಾರ್ಚು ಹಿಡಿದು ನಿಂತರೆ ನಿಧಿಗಳ್ಳರೆಂಬ ಅನುಮಾನ ಬರುವುದು ಸಹಜ, ನ್ಯಾಯವೂ ಹೌದು. ಮೊದಲ ಸಲ ಹಗಲಿನಲ್ಲೇ ಹೋಗಿ, ಊರಿನವರೊಬ್ಬರು ಜೊತೆಗಿರಲಿ.

ನೀವು ತಿಳಿದದ್ದನ್ನು ಮೊದಲೇ ಹೇಳಬೇಡಿ. ‘ಇದು ಹೊಯ್ಸಳರ ಕಾಲದ ವೀರಗಲ್ಲು’ ಎಂದು ನೀವು ಬಾಯಿ ಬಿಟ್ಟರೆ ಮುಗಿಯಿತು. ಆಮೇಲೆ ಬರುವ ಉತ್ತರಗಳಲ್ಲೆಲ್ಲ ಹೊಯ್ಸಳರೇ ಇರುತ್ತಾರೆ. ಮುಂದಿನ ವಾರ ಬರುವವರಿಗೆ ಅದು ‘ಊರಿನ ಐತಿಹ್ಯ’ವಾಗಿ ಸಿಗುತ್ತದೆ. ಕೇಳಬೇಕಾದವು ಸರಳವಾದ ಪ್ರಶ್ನೆಗಳು: ಈ ಕಲ್ಲನ್ನು ಏನೆಂದು ಕರೆಯುತ್ತೀರಿ? ಪೂಜೆ ಯಾರದು, ಯಾವ ದಿನ? ಇಲ್ಲಿ ಏನು ಮಾಡಬಾರದು? ಇದು ಮೊದಲಿನಿಂದ ಇಲ್ಲೇ ಇತ್ತೇ? ಇಂಥದ್ದು ಇನ್ನೆಲ್ಲಿದೆ? ಕೊನೆಯ ಪ್ರಶ್ನೆಯನ್ನು ಕುರಿ ಮೇಯಿಸುವವರಿಗೂ ಕೇಳಿ. ಗುಡ್ಡದ ಮೂಲೆಮೂಲೆ ಅವರಿಗೆ ಗೊತ್ತು.

ಒಬ್ಬರನ್ನೇ ಕೇಳಿ ಸಾಕೆನ್ನಬೇಡಿ. ಅರ್ಚಕರ ಕತೆ, ಹೆಂಗಸರ ಕತೆ, ದಲಿತ ಕೇರಿಯ ಕತೆ ಬೇರೆ ಬೇರೆ ಇರುವುದುಂಟು. ಯಾವುದು ನಿಜ ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ಪ್ರತಿಯೊಂದನ್ನೂ ಅವರ ಮಾತಿನಲ್ಲೇ ಬರೆದು ದಿನಾಂಕ ಹಾಕಿ. ಹೇಳಿದವರ ಹೆಸರು, ವಯಸ್ಸನ್ನು ಅವರು ಒಪ್ಪಿದರೆ ಮಾತ್ರ ಬರೆಯಿರಿ.

ಊರಿನ ಕತೆಗೆ ಇಷ್ಟು ಬೆಲೆ ಏಕೆ? ಹಂಪಿಯ ಹತ್ತಿರ ನಿಂಬಾಪುರದಲ್ಲಿ ಒಂದು ಬೂದಿದಿಬ್ಬವಿದೆ. ವಾಲಿಯನ್ನು ದಹನ ಮಾಡಿದ ಜಾಗ ಅದು ಎಂದು ಜನ ಹೇಳುತ್ತಾರೆ. ಇಂಥ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿ ಎಂದು ಪುರಾತತ್ವ ತೋರಿಸಿದೆ. ‘ಜನ ಹೇಳುವುದು ತಪ್ಪು’ ಎಂದು ಬರೆದು ಮುಗಿಸಿದರೆ ದಿಬ್ಬವನ್ನು ಇಷ್ಟು ಕಾಲ ನೇಗಿಲಿನಿಂದ ಕಾಪಾಡಿದ್ದು ಏನು ಎಂಬುದು ದಾಖಲೆಯಿಂದ ಬಿದ್ದುಹೋಗುತ್ತದೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬೃಹತ್ ಶಿಲಾಗೋರಿಗಳಿರುವ ಬೆಟ್ಟಕ್ಕೆ ಮೋರ್ಯರ ಗುಡ್ಡ ಎಂದು ಹೆಸರು. ಅಲ್ಲಿ ಇದ್ದವರು ಗಿಡ್ಡ ಜನ ಎಂದು ಊರವರ ನಂಬಿಕೆ. ಗೋರಿಗಳ ಕಾಲ ಬೇರೆ, ನಂಬಿಕೆಯ ಕಾಲ ಬೇರೆ. ಎರಡೂ ಆ ಬೆಟ್ಟದ ಚರಿತ್ರೆಯೇ.

ಕುಂಕುಮ, ಎಣ್ಣೆ ಮೆತ್ತಿದ ವೀರಗಲ್ಲನ್ನು ಕಂಡು ಬೇಸರಿಸಿಕೊಳ್ಳುವವರಿಗೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೆನಪಿಸಬೇಕು. ಸುಮಾರು ಕ್ರಿ.ಶ. 949–50ರ ಆ ಕಲ್ಲು ಕಾಡುಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯದು. ಕಲ್ಲಿಗೆ ಪೂಜೆ ಸಲ್ಲಿಸದ ಗೊರವನಿಗೆ, ಅಂದರೆ ಶೈವ ಅರ್ಚಕನಿಗೆ, ಆ ನಾಯಿಯ ಪಾಪ ತಟ್ಟಲಿ ಎಂದು ಶಾಸನವೇ ಹೇಳುತ್ತದೆ. ಪೂಜೆಗೊಳ್ಳಲೆಂದೇ ನಿಲ್ಲಿಸಿದ ಕಲ್ಲುಗಳಿವು. ಪೂಜೆ ಅದಕ್ಕೆ ಹತ್ತಿದ ಕೊಳೆಯಲ್ಲ, ಅದರ ಬದುಕಿನ ಭಾಗ.

ಜಾಗವನ್ನು ಗುರುತಿಸುವುದು

ಮೊಬೈಲಿನ ಜಿಪಿಎಸ್ ಬಯಲಿನಲ್ಲಿ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ, ಮರದ ಕೆಳಗೆ, ಗೋಡೆಯ ಪಕ್ಕದಲ್ಲಿ ಇನ್ನೂ ಹೆಚ್ಚು. ಕಲ್ಲಿನ ಬಳಿ ಎರಡು ನಿಮಿಷ ಅಲುಗಾಡದೆ ನಿಂತು, ಅಂಕಿ ನಿಂತ ಮೇಲೆ ಬರೆದುಕೊಳ್ಳಿ. ದಶಾಂಶದಲ್ಲಿ ಐದು ಸ್ಥಾನ ಸಾಕು, ಐದನೇ ಸ್ಥಾನವೆಂದರೆ ನೆಲದ ಮೇಲೆ ಸುಮಾರು ಒಂದು ಮೀಟರ್. ಅಕ್ಷಾಂಶ ರೇಖಾಂಶ ಅದಲುಬದಲಾಗುವುದು ತೀರಾ ಸಾಮಾನ್ಯ ತಪ್ಪು. ಕರ್ನಾಟಕದಲ್ಲಿ ಅಕ್ಷಾಂಶ 11ರಿಂದ 18ರೊಳಗೆ, ರೇಖಾಂಶ 74ರಿಂದ 78ರೊಳಗೆ ಶುರುವಾಗಬೇಕು. ಹಾಗಿಲ್ಲದಿದ್ದರೆ ಮತ್ತೆ ನೋಡಿ.

ಜಿಪಿಎಸ್ ಒಂದನ್ನೇ ನಂಬದೆ, ಅಲುಗಾಡದ ಎರಡು ಗುರುತುಗಳಿಂದ ಉದ್ದ ಟೇಪಿನಲ್ಲಿ ಅಳೆಯಿರಿ: ಗುಡಿಯ ಮೂಲೆ, ಕೆರೆಯ ತೂಬು, ಬಾವಿಯ ಕಟ್ಟೆ. ಮರ, ವಿದ್ಯುತ್ ಕಂಬ ಬೇಡ, ನಾಳೆ ಅವು ಅಲ್ಲಿರುವುದಿಲ್ಲ. ಸರ್ವೆ ನಂಬರನ್ನು ದಿಶಾಂಕ್ ಆ್ಯಪ್‌ನಲ್ಲಿ ನೋಡಿ, ಪಹಣಿಯೊಡನೆ ತಾಳೆ ಹಾಕಿ. ಮುಂದೆ ಪುರಾತತ್ವ ಇಲಾಖೆಗೋ ತಹಶೀಲ್ದಾರರಿಗೋ ಬರೆಯುವಾಗ ಅವರು ಮೊದಲು ಕೇಳುವುದು ಅದನ್ನೇ. ಕಲ್ಲಿನ ಮುಖ ಯಾವ ದಿಕ್ಕಿಗಿದೆ, ನಿಂತಿದೆಯೋ ಬಿದ್ದಿದೆಯೋ, ಗೋಡೆಗೆ ಸೇರಿದೆಯೋ ಎಂದೂ ಬರೆಯಿರಿ.

ಎಲ್ಲಕ್ಕಿಂತ ಹೆಚ್ಚು ಜಾಗವನ್ನೇ ನೆಚ್ಚಿಕೊಂಡದ್ದು ಗಡಿಕಲ್ಲು. ಶೈವರ ಲಿಂಗಮುದ್ರೆ, ವೈಷ್ಣವರ ವಾಮನಮುದ್ರೆ, ಜೈನರ ಮುಕ್ಕೊಡೆಯ ಕಲ್ಲುಗಳು ದತ್ತಿ ಭೂಮಿಯ ಎಲ್ಲೆಯನ್ನು ತೋರಿಸುತ್ತವೆ. ಅಂಥ ಕಲ್ಲನ್ನು ‘ಕಾಪಾಡಲು’ ಗುಡಿಯ ಅಂಗಳಕ್ಕೆ ತಂದು ನಿಲ್ಲಿಸಿದ ಗಳಿಗೆಯಲ್ಲೇ ಅದು ಹೇಳುತ್ತಿದ್ದ ಒಂದೇ ಮಾತು ಅಳಿದುಹೋಗುತ್ತದೆ.

ಯಾವ ಕಲ್ಲು ಎಂದು ತಿಳಿಯುವುದು

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಸಾಮಾನ್ಯವಾಗಿ ಮೂರು ಪಟ್ಟಿಕೆಗಳು: ಕೆಳಗೆ ಹೋರಾಟ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಅಥವಾ ಜಿನನ ಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ಒಂದೇ ಪಟ್ಟಿಕೆಯವೂ ಇವೆ, ಐದರವೂ ಇವೆ. ಸಾವಿನ ಕಾರಣ ಕೆಳಗಿನ ಪಟ್ಟಿಕೆಯಲ್ಲಿರುತ್ತದೆ, ಅದೇ ಹೆಚ್ಚಾಗಿ ಮಣ್ಣಿನಲ್ಲಿ ಹೂತಿರುತ್ತದೆ. ದನಗಳಿದ್ದರೆ ತುರುಗೋಳು (ದನ ಸೂರೆಯ ಕಾಳಗ), ಹೆಂಗಸರ ಸೆರೆ ಬಿಡಿಸುವ ಕಾಳಗವಾದರೆ ಪೆಣ್ಬುಯ್ಯಲ್, ಹಂದಿ ಹುಲಿಗಳಿದ್ದರೆ ಬೇಟೆ, ಕೋಟೆಯಿದ್ದರೆ ಮುತ್ತಿಗೆ. ನಿಮಗೆ ಕಾಣುವುದನ್ನಷ್ಟೇ ಬರೆಯಿರಿ: ‘ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಗುರಾಣಿ, ಹಿಂದೆ ಮೂರು ದನ’. ಅದು ತುರುಗೋಳು ಎಂಬ ತೀರ್ಮಾನ ಬೇರೆ ಸಾಲಿನಲ್ಲಿ ಬರಲಿ.

ಮಾಸ್ತಿಗಲ್ಲಿನ ಗುರುತು ಕಂಬದಿಂದ ಹೊರಟು ಮೊಣಕೈಯಲ್ಲಿ ಮೇಲಕ್ಕೆ ಮಡಿಸಿದ ತೋಳು, ತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಇದೇ ಎಷ್ಟೋ ಕಡೆ ಮಾಸ್ತಮ್ಮನಾಗಿ ಪೂಜೆಗೊಳ್ಳುತ್ತದೆ. ನಿಸಿದಿ ಕಲ್ಲು ಸಲ್ಲೇಖನ ಎಂಬ ಉಪವಾಸ ವ್ರತದಿಂದ ದೇಹ ಬಿಟ್ಟ ಜೈನರದು. ದಾನಶಾಸನದ ತಲೆಯ ಮೇಲೆ ಸೂರ್ಯ, ಚಂದ್ರ, ಲಿಂಗ, ಹಸು ಕರು, ಕತ್ತಿ ಕಾಣುತ್ತವೆ.

ಈ ಸೂರ್ಯಚಂದ್ರ ನಿಧಿಯ ಗುರುತು ಎಂಬ ಮಾತು ಹಳ್ಳಿಹಳ್ಳಿಗಳಲ್ಲಿದೆ. ಆ ಒಂದು ಮಾತಿನಿಂದ ಕಿತ್ತು ಒಡೆದ ಶಾಸನಗಳು ಅಷ್ಟಿಷ್ಟಲ್ಲ. ಯಾರೇ ಕೇಳಿದರೂ ಸ್ಪಷ್ಟವಾಗಿ ಹೇಳಿ: ಸೂರ್ಯಚಂದ್ರ ಇರುವವರೆಗೂ ಈ ದಾನ ನಡೆಯಲಿ ಎಂಬುದಕ್ಕೆ ಅವನ್ನು ಕೆತ್ತಿದ್ದಾರೆ, ಕೆಳಗೆ ಏನೂ ಇಟ್ಟಿಲ್ಲ. ನಿಮ್ಮ ಇಡೀ ದಾಖಲೆಗಿಂತ ಈ ಒಂದು ವಿವರಣೆ ಕಲ್ಲನ್ನು ಹೆಚ್ಚು ಕಾಲ ಉಳಿಸಬಹುದು.

ಎತ್ತರ, ಅಗಲ, ದಪ್ಪವನ್ನು ಸೆಂಟಿಮೀಟರಿನಲ್ಲಿ ಬರೆದು, ಎತ್ತರದ ಮುಂದೆ ‘ನೆಲದ ಮೇಲೆ ಕಾಣುವಷ್ಟು’ ಎಂದು ಸೇರಿಸಿ. ಸಾಲುಗಳ ಸಂಖ್ಯೆ, ಒಂದು ಅಕ್ಷರದ ಎತ್ತರ, ಒಡಕು, ಬಣ್ಣ, ಸಿಮೆಂಟು ಎಲ್ಲವನ್ನೂ ಬರೆಯಿರಿ.

ಹೂತ ಭಾಗವನ್ನು ನೋಡಬೇಕೆಂಬ ಆಸೆ ಎಲ್ಲರಿಗೂ ಆಗುತ್ತದೆ, ಆದರೂ ಅಗೆಯಬೇಡಿ. ಒಂದೂವರೆ ಮೀಟರ್ ಎತ್ತರ, ಒಂದು ಮೀಟರ್ ಅಗಲ, 20 ಸೆಂಟಿಮೀಟರ್ ದಪ್ಪದ ಗ್ರಾನೈಟ್ ಕಲ್ಲು ಸುಮಾರು 800 ಕಿಲೋ ತೂಗುತ್ತದೆ. ಬುಡ ಸಡಿಲಾದರೆ ಅದು ಯಾರ ಮೇಲಾದರೂ ಬೀಳುತ್ತದೆ, ತಾನೂ ಒಡೆಯುತ್ತದೆ. ಬುಡದ ಮಣ್ಣಿನ ಪದರಗಳೂ ಸಾಕ್ಷಿಯೇ, ಒಮ್ಮೆ ಕಲಕಿದರೆ ಮತ್ತೆ ಸಿಗುವುದಿಲ್ಲ. ಬರಹ ಮಣ್ಣಿನೊಳಗೆ ಇಳಿದಿದೆ ಎಂದು ಫೋಟೋ ಸಮೇತ ಇಲಾಖೆಗೆ ಬರೆಯಿರಿ.

ಶುಚಿ ಮಾಡುವುದು, ಮಾಡದಿರುವುದು

ಇದ್ದ ಸ್ಥಿತಿಯ ಫೋಟೋ ಮೊದಲು. ಆಮೇಲೆ ಒಣ ಬ್ರಷ್‌ನಿಂದ ಮೇಲಿನಿಂದ ಕೆಳಗೆ ಸಡಿಲ ಧೂಳನ್ನು ತೆಗೆಯಿರಿ. ಅಕ್ಷರದೊಳಗಿನ ಮಣ್ಣಿಗೆ ಬಿದಿರು ಕಡ್ಡಿ, ಅದೂ ಮೆಲ್ಲಗೆ. ಬೇಕೇ ಬೇಕಾದರೆ ಬರಿಯ ನೀರು, ಮೊದಲು ಬರಹವಿಲ್ಲದ ಮೂಲೆಯಲ್ಲಿ ಪರೀಕ್ಷಿಸಿ. ಬೆರಳಿಗೆ ಕಲ್ಲಿನ ಹುಡಿ ಹತ್ತಿದರೆ, ಪದರ ಏಳುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಗ್ರಾನೈಟಿಗಿಂತ ಬಳಪದ ಕಲ್ಲು ಬಹಳ ಮೆತ್ತಗೆ, ಉಗುರಿನಿಂದಲೂ ಗೀರು ಬೀಳುತ್ತದೆ. ಕಲ್ಲುಹೂವನ್ನು ಕೆರೆಯಬೇಡಿ. ಅದರ ಬೇರಿನಂಥ ಎಳೆಗಳು ಕಲ್ಲಿನೊಳಗೆ ಇಳಿದಿರುವುದರಿಂದ ಕಿತ್ತಾಗ ಕಲ್ಲಿನ ಮೈಯೂ ಜೊತೆಗೆ ಬರುತ್ತದೆ.

ಅಕ್ಷರಕ್ಕೆ ಸೀಮೆಸುಣ್ಣ, ಸುಣ್ಣ, ಹಿಟ್ಟು ತುಂಬಿ ಫೋಟೋ ತೆಗೆಯುವ ಅಭ್ಯಾಸ ಇನ್ನೂ ಇದೆ. ಕಲ್ಲಿಗಾಗುವ ಹಾನಿ ಒಂದಾದರೆ, ಓದಿಗಾಗುವ ಹಾನಿ ಇನ್ನೊಂದು. ತುಂಬುವವರು ತಮಗೆ ಕಂಡ ಅಕ್ಷರವನ್ನೇ ತುಂಬುತ್ತಾರೆ, ಒಡಕೂ ಅಕ್ಷರವಾಗುತ್ತದೆ. ಆ ಫೋಟೋದಲ್ಲಿ ಉಳಿಯುವುದು ಕಲ್ಲಿನ ಬರಹವಲ್ಲ, ಅವರ ಊಹೆ. ಎನಾಮಲ್ ಬಣ್ಣ ತೇವವನ್ನು ಒಳಗೆ ಹಿಡಿದಿಟ್ಟು ಮೇಲ್ಪದರವನ್ನು ಉದುರಿಸುತ್ತದೆ. ಹಳೆಯ ಬಣ್ಣವನ್ನು ನೀವು ತೆಗೆಯಲು ಹೋಗಬೇಡಿ, ಅದು ರಾಸಾಯನಿಕ ಸಂರಕ್ಷಣೆ ಬಲ್ಲವರ ಕೆಲಸ. ಪೂಜೆಯ ಕಲ್ಲಾದರೆ ಅಭಿಷೇಕ ಯಾವಾಗ ಎಂದು ಕೇಳಿ, ಅವರೇ ತೊಳೆದ ದಿನ ಹೋಗಿ.

ಓರೆ ಬೆಳಕಿನ ಫೋಟೋ

ನಟ್ಟ ನಡು ಮಧ್ಯಾಹ್ನ ಬೋಳು ಬಂಡೆಯಂತೆ ಕಾಣುವ ಕಲ್ಲಿನಲ್ಲಿ ಸಂಜೆ ಐದೂವರೆಗೆ ಹದಿನೈದು ಸಾಲು ಏಳುತ್ತವೆ. ಕೆತ್ತಿದ ಗೆರೆಯ ಆಳ ಮಾಸಿ ಒಂದೆರಡು ಮಿಲಿಮೀಟರಿಗೆ ಇಳಿದಾಗ ಅದು ಕಾಣುವುದು ತನ್ನ ನೆರಳಿನಿಂದ ಮಾತ್ರ. ಬೆಳಕು ಎದುರಿನಿಂದ ಬಿದ್ದರೆ ನೆರಳಿಲ್ಲ, ಪಕ್ಕದಿಂದ, ಕಲ್ಲಿನ ಮೈಗೆ 10ರಿಂದ 20 ಡಿಗ್ರಿ ಓರೆಯಲ್ಲಿ ಬಿದ್ದರೆ ಗೆರೆಯ ಒಂದು ಅಂಚು ಬೆಳಗಿ ಇನ್ನೊಂದು ಕಪ್ಪಾಗುತ್ತದೆ. ಪೂರ್ವಕ್ಕೋ ಪಶ್ಚಿಮಕ್ಕೋ ಮುಖವಿರುವ ಕಲ್ಲಿಗೆ ಸೂರ್ಯ ಕಲ್ಲಿನ ಮೈಯನ್ನು ಸವರಿ ದಾಟುವ ಗಳಿಗೆ ದಿನಕ್ಕೊಮ್ಮೆ ಬರುತ್ತದೆ, ಅದನ್ನು ಕಾಯಬಹುದು. ಉತ್ತರಕ್ಕೆ ಮುಖವಿದ್ದರೆ ವರ್ಷದ ಸುಮಾರು ಅರ್ಧ ಕಾಲ ನೇರ ಬಿಸಿಲೇ ಬೀಳದು. ಆಗ ಕನ್ನಡಿ ಬೇಕು.

ಕೊಡೆಯಿಂದ ಕಲ್ಲಿಗೆ ಪೂರ್ತಿ ನೆರಳು ಮಾಡಿ. ಒಬ್ಬರು ಎರಡು ಮೂರು ಮೀಟರ್ ದೂರದಲ್ಲಿ ಬಿಸಿಲಿನಲ್ಲಿ ನಿಂತು ಕನ್ನಡಿಯಿಂದ ಬೆಳಕನ್ನು ಕಲ್ಲಿನ ಮೈಯುದ್ದಕ್ಕೂ ಹಾಯಿಸಲಿ. ಕನ್ನಡಿಯಿಲ್ಲದಿದ್ದರೆ ಮುಸ್ಸಂಜೆಯ ನಂತರ, ಊರಿನವರ ಜೊತೆಯಲ್ಲಿ, ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದು ತೆಗೆಯಿರಿ. ಟಾರ್ಚು ತೀರಾ ಹತ್ತಿರವಿದ್ದರೆ ಒಂದು ಬದಿ ಸುಟ್ಟಂತೆ ಬೆಳ್ಳಗಾಗಿ ಇನ್ನೊಂದು ಬದಿ ಕತ್ತಲಾಗುತ್ತದೆ. ಕಲ್ಲಿನ ಅಗಲದ ಎರಡು ಪಟ್ಟು ದೂರವಾದರೂ ಇರಲಿ.

ಒಂದೇ ದಿಕ್ಕಿನ ಬೆಳಕು ಸಾಲದು. ಬೆಳಕು ಹರಿಯುವ ದಿಕ್ಕಿನಲ್ಲೇ ಇರುವ ಗೆರೆಗೆ ನೆರಳು ಬೀಳುವುದಿಲ್ಲ, ಅದು ಮಾಯವಾಗುತ್ತದೆ. ಎಡದಿಂದ ಬಂದ ಬೆಳಕಿನಲ್ಲಿ ಅಡ್ಡಗೆರೆಗಳೂ ತಲೆಕಟ್ಟೂ ಮಂಕಾಗುತ್ತವೆ, ಮೇಲಿನಿಂದ ಬಂದ ಬೆಳಕಿನಲ್ಲಿ ನಿಲುಗೆರೆಗಳು. ಹಾಗಾಗಿ ಎಡ, ಬಲ, ಮೇಲೆ, ಕೆಳಗೆ ನಾಲ್ಕೂ ಕಡೆಯಿಂದ ಬೆಳಕು ಕೊಟ್ಟು, ಕ್ಯಾಮೆರಾ ಒಂದಿಷ್ಟೂ ಅಲುಗದಂತೆ ನಾಲ್ಕು ಫೋಟೋ ತೆಗೆಯಿರಿ. ಕೆಳಗಿನಿಂದ ಬೆಳಕು ಕೊಟ್ಟ ಫೋಟೋ ನೋಡುವಾಗ ಎಚ್ಚರ ಬೇಕು: ಕೊರೆದ ಅಕ್ಷರ ಉಬ್ಬಿದಂತೆ ಕಾಣುತ್ತದೆ. ಬೆಳಕು ಮೇಲಿನಿಂದ ಬರುತ್ತದೆಂದೇ ನಮ್ಮ ಕಣ್ಣಿನ ಎಣಿಕೆ. ಯಾವ ಫೋಟೋಗೆ ಯಾವ ಕಡೆಯ ಬೆಳಕು ಎಂದು ಹೆಸರಿನಲ್ಲೇ ಸೇರಿಸಿ.

ಕ್ಯಾಮೆರಾ ಕಲ್ಲಿನ ನಡುಮಟ್ಟದಲ್ಲಿ, ಮುಖಕ್ಕೆ ನೇರವಾಗಿರಬೇಕು. ಮೊಬೈಲನ್ನು ಹತ್ತಿರ ಹಿಡಿದರೆ ಅಂಚುಗಳು ಬಾಗುತ್ತವೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಝೂಮ್ ಮಾಡಿ. ಅಳತೆಪಟ್ಟಿ ಕಲ್ಲಿನ ಮಟ್ಟದಲ್ಲೇ ಇರಲಿ, ಬರಹವನ್ನು ಮುಚ್ಚದಿರಲಿ. ಮೊಬೈಲಿನ ಫ್ಲ್ಯಾಶ್ ಎದುರಿನಿಂದ ಬೆಳಕು ಚೆಲ್ಲುವುದರಿಂದ ಅದನ್ನು ಆರಿಸಿಡಿ. ಕಲ್ಲಿನ ಪೂರ್ಣ ಮುಖ, ಹಿಂಬದಿ, ಎರಡು ಪಕ್ಕ, ನಾಲ್ಕು ದಿಕ್ಕಿನಿಂದ ಸುತ್ತಲ ನೋಟ, ಪ್ರತಿ ಪಟ್ಟಿಕೆ, ಆಮೇಲೆ ಮೂರು ಮೂರು ಸಾಲಿನಂತೆ ಬರಹ, ಒಂದು ಫೋಟೋದ ಕೊನೆಯ ಸಾಲು ಮುಂದಿನದರ ಮೊದಲ ಸಾಲಾಗುವಂತೆ. ಪಕ್ಕಗಳನ್ನು ಬಿಡಲೇಬೇಡಿ. ಜಾಗ ಸಾಲದೆ ಬರಹ ಪಕ್ಕಕ್ಕೆ ತಿರುಗಿರುವುದು ಬೇಕಾದಷ್ಟಿದೆ.

ಪಡಿಯಚ್ಚು, ಮೂರು ಆಯಾಮದ ಮಾದರಿ

ಶಾಸನತಜ್ಞರು ಇಂದಿಗೂ ಪಡಿಯಚ್ಚನ್ನೇ ನೆಚ್ಚುತ್ತಾರೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬಿರುಸು ಬ್ರಷ್‌ನಿಂದ ತಟ್ಟಿ ಕಾಗದವನ್ನು ಅಕ್ಷರದೊಳಗೆ ಕೂರಿಸಿ, ಅರೆ ಒಣಗಿದಾಗ ಬಟ್ಟೆಯ ಉಂಡೆಯಿಂದ ಕಪ್ಪು ಮಸಿ ಒತ್ತಿದರೆ ಕೊರೆದ ಅಕ್ಷರ ಬಿಳಿಯಾಗಿ, ಹಿನ್ನೆಲೆ ಕಪ್ಪಾಗಿ ಬರುತ್ತದೆ. ಕಾಗದ ತೀರಾ ಒದ್ದೆಯಿದ್ದರೆ ಮಸಿ ಸೋರಿ ಕಲ್ಲಿಗೆ ಹತ್ತುತ್ತದೆ, ತೀರಾ ಒಣಗಿದ್ದರೆ ಅಕ್ಷರದಿಂದ ಎದ್ದು ಬರುತ್ತದೆ. ಈ ಹದ ಓದಿ ಬರುವಂಥದ್ದಲ್ಲ, ಬಲ್ಲವರ ಕೈಕೆಳಗೆ ಕಲಿಯಬೇಕು. ಪದರ ಏಳುವ ಕಲ್ಲಿಗೆ ಇದು ಕೂಡದು. ಸಂರಕ್ಷಿತ ಸ್ಮಾರಕವಾದರೆ ಅನುಮತಿ ಬೇಕು.

ಮೊಬೈಲ್ ಫೋಟೋಗಳಿಂದ ಮೂರು ಆಯಾಮದ ಮಾದರಿ ಮಾಡಬೇಕಾದರೆ ಬೆಳಕಿನ ಲೆಕ್ಕ ತಿರುಗುಮುರುಗು: ಓರೆ ಬೆಳಕು ಬೇಡ, ಮೋಡದ ದಿನದ ಸಮ ಬೆಳಕು ಬೇಕು. ಕಲ್ಲನ್ನು ಸುತ್ತುತ್ತ ಮೂರು ಎತ್ತರಗಳಲ್ಲಿ 60ರಿಂದ 100 ಫೋಟೋ, ಒಂದರ ಮೇಲೊಂದು ಮುಕ್ಕಾಲು ಭಾಗ ಹಾಯುವಂತೆ. ಒದ್ದೆ ಅಥವಾ ಎಣ್ಣೆಯಿಂದ ಹೊಳೆಯುವ ಮೈ, ಗಾಳಿಗೆ ಅಲ್ಲಾಡುವ ಹುಲ್ಲು, ನಿಮ್ಮದೇ ನೆರಳು ಇವು ಮಾದರಿಯನ್ನು ಕೆಡಿಸುತ್ತವೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಸ್ಕ್ಯಾನರ್ ಬಳಸಿ ಬೆಂಗಳೂರು ಸುತ್ತಮುತ್ತಲ ಶಾಸನಗಳನ್ನು ಹೀಗೆ ದಾಖಲಿಸುತ್ತಿದೆ. ಕಣ್ಣಿಗೆ ಕಾಣದ ಎಷ್ಟೋ ಅಕ್ಷರಗಳು ಇಂಥ ಮಾದರಿಗಳಲ್ಲಿ ಓದಲು ಬರುತ್ತವೆ.

ಓದು ಮತ್ತು ಕಾಲ

ಓದುವುದನ್ನು ಮನೆಯಲ್ಲಿ, ಫೋಟೋ ಮುಂದಿಟ್ಟುಕೊಂಡು ಮಾಡಿ. ಇಬ್ಬರು ಬೇರೆ ಬೇರೆಯಾಗಿ ಓದಿ ಆಮೇಲೆ ತಾಳೆ ನೋಡಿದರೆ ಒಬ್ಬರ ಊಹೆ ಇನ್ನೊಬ್ಬರಿಗೆ ಅಂಟುವುದಿಲ್ಲ. ಕಲ್ಲಿನ ಒಂದು ಸಾಲಿಗೆ ಪುಟದಲ್ಲೂ ಒಂದು ಸಾಲು, ಎಡಕ್ಕೆ ಸಂಖ್ಯೆ. ಪದಗಳ ನಡುವೆ ತೆರಪು ಬಿಡುವ ರೂಢಿ ಶಾಸನದಲ್ಲಿಲ್ಲ, ಹಾಗಾಗಿ ಮೊದಲ ಪ್ರತಿಯಲ್ಲಿ ನೀವೂ ಬಿಡಿಸಬೇಡಿ. ಅನುಮಾನದ ಅಕ್ಷರ ದುಂಡು ಆವರಣದಲ್ಲಿ, ಅಳಿದು ನೀವು ಊಹಿಸಿದ್ದು ಚೌಕ ಆವರಣದಲ್ಲಿ, ಊಹಿಸಲಾಗದ್ದಕ್ಕೆ ಅಕ್ಷರಕ್ಕೊಂದರಂತೆ ಚುಕ್ಕಿ. ಕಾಗುಣಿತವನ್ನು ತಿದ್ದಬಾರದು. ಹಳಗನ್ನಡದ ಱ, ೞ ಅಕ್ಷರಗಳಿದ್ದರೆ ಹಾಗೆಯೇ ಇರಲಿ, ಕಾಲ ಹೇಳಲು ಅವೂ ನೆರವಾಗುತ್ತವೆ.

ವೀರಗಲ್ಲಿನಲ್ಲಿ ಬರಹ ಹೆಚ್ಚಾಗಿ ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಗಳಲ್ಲಿರುತ್ತದೆ. ಎಲ್ಲಿಂದ ಶುರು ಎಂಬುದು ಕಲ್ಲಿನಿಂದ ಕಲ್ಲಿಗೆ ಬೇರೆ, ‘ಸ್ವಸ್ತಿ’ ಎಲ್ಲಿದೆ ಹುಡುಕಿ. ಕಣ್ಣು ಮೋಸ ಹೋಗುವುದು ವ, ಪ, ಮ ಇವುಗಳ ನಡುವೆ, ಮಹಾಪ್ರಾಣದ ಸೀಳಿನಲ್ಲಿ, ಕಲ್ಲಿನ ಕುಳಿಯನ್ನು ಸೊನ್ನೆಯೆಂದು ತಿಳಿಯುವುದರಲ್ಲಿ. ಹಾಗಾಗಿ ಒಂದು ಬೆಳಕಿನಲ್ಲಿ ಮಾತ್ರ ಕಂಡ ಅಕ್ಷರವನ್ನು ಒಪ್ಪಿಕೊಳ್ಳಬೇಡಿ. ವೀರಗಲ್ಲಿನಲ್ಲಿ ‘ತುಱುವಂ ಮಗುಳ್ಚಿ’ ಎಂದರೆ ದನಗಳನ್ನು ಮರಳಿಸಿ, ‘ಸುರಲೋಕಪ್ರಾಪ್ತ’ ಎಂದರೆ ಸತ್ತ. ಸತ್ತವನ ಮನೆಯವರಿಗೆ ಕೊಟ್ಟ ಭೂಮಿ ನೆತ್ತರುಗೊಡಗೆ. ದಾನಶಾಸನದ ಕೊನೆಯಲ್ಲಿ ಶಾಪ: ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ. ಈ ನುಡಿಗಟ್ಟುಗಳು ಮತ್ತೆ ಮತ್ತೆ ಬರುವುದರಿಂದ ಮಾಸಿದ ಸಾಲನ್ನು ಹಿಡಿಯಲು ಸುಲಭ. ಆದರೆ ಅದೇ ಸಲುಗೆಯಿಂದ ಇಲ್ಲದ್ದನ್ನು ಓದುವ ಅಪಾಯವೂ ಇದೆ.

ಶಕವರ್ಷಕ್ಕೆ 78 ಸೇರಿಸಿದರೆ ಕ್ರಿಸ್ತಶಕ ಸಿಗುತ್ತದೆ. ಪುಷ್ಯದಿಂದ ಫಾಲ್ಗುಣದವರೆಗಿನ ತಿಂಗಳಾದರೆ 79 ಆಗಬಹುದು. ಅದನ್ನು ಸಂವತ್ಸರದ ಹೆಸರಿನಿಂದ ಪರೀಕ್ಷಿಸಿ. ಸಂವತ್ಸರ ಚಕ್ರ 60 ವರ್ಷದ್ದು, 1987ರ ಯುಗಾದಿಗೆ ಅದರಲ್ಲಿ ಮೊದಲನೆಯದಾದ ಪ್ರಭವ ಶುರುವಾಯಿತು. ಶಕ 1039 ಹೇಮಳಂಬಿ ಎಂದಿದ್ದರೆ 1039ಕ್ಕೆ 78 ಕೂಡಿಸಿ 1117. ಹೇಮಳಂಬಿ 31ನೆಯ ಸಂವತ್ಸರ, ಈ ಚಕ್ರದಲ್ಲಿ ಅದು 2017ರಲ್ಲಿ ಬಂತು. 2017ರಿಂದ ಹದಿನೈದು ಚಕ್ರ, ಅಂದರೆ 900 ವರ್ಷ ಹಿಂದೆ ಹೋದರೆ 1117. ಬೇಲೂರಿನ ವಿಜಯನಾರಾಯಣನ (ಇಂದಿನ ಚೆನ್ನಕೇಶವ) ಪ್ರತಿಷ್ಠೆಯ ವರ್ಷ ಅದು. ಎರಡು ಲೆಕ್ಕಕ್ಕೂ ಒಂದು ವರ್ಷದ ವ್ಯತ್ಯಾಸ ಬಂದರೆ, ಅದು ನಡೆಯುತ್ತಿರುವ ವರ್ಷ ಮತ್ತು ಕಳೆದ ವರ್ಷದ ಎಣಿಕೆಯಿಂದ ಬಂದದ್ದು, ಗಾಬರಿ ಬೇಡ. ಹತ್ತಾರು ವರ್ಷದ ವ್ಯತ್ಯಾಸ ಬಂದರೆ ಅಂಕಿಯನ್ನು ತಪ್ಪು ಓದಿದ್ದೀರಿ. ಮಾಸಿದಾಗ ೬ ಮತ್ತು ೯ ಒಂದೇ ಥರ ಕಾಣುತ್ತವೆ. ಕಾಲವಿಲ್ಲದ ಕಲ್ಲಿಗೆ ಅಕ್ಷರದ ರೂಪ ನೋಡಿ ಶತಮಾನವಷ್ಟೇ ಹೇಳಬಹುದು, ಅದನ್ನೂ ಲಿಪಿ ಬಲ್ಲವರಿಗೆ ತೋರಿಸಿ.

ದಾಖಲೆ ಎಲ್ಲಿಗೆ ಹೋಗಬೇಕು

ಮೂಲ ಫೋಟೋಗಳನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಗಾತ್ರ ಕುಗ್ಗಿ ಅಕ್ಷರ ಹಾಳಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ ಅಥವಾ ಪೆನ್‌ಡ್ರೈವಿನಲ್ಲಿ ಕೊಡಿ. ಮೂರು ಪ್ರತಿ ಇರಲಿ, ಮೂರೂ ಬೇರೆ ಬೇರೆ ಜಾಗದಲ್ಲಿ. ಅಚ್ಚು ಹಾಕಿಸಿದ ಒಂದು ಪ್ರತಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯ) ಇರಲೇಬೇಕು. ಊರಿನಿಂದ ತೆಗೆದುಕೊಂಡದ್ದು ಊರಿಗೆ ಕಾಣುವಂತಿರಲಿ. ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೂ, ಹೊಸ ಶಾಸನವಾದರೆ ಅಲ್ಲಿಯೇ ಇರುವ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗಕ್ಕೂ ಬರೆಯಿರಿ.

ಅಂತರ್ಜಾಲದಲ್ಲಿ ಹಾಕುವಾಗ ಒಂದು ಕಟ್ಟುನಿಟ್ಟು ಬೇಕು. ಕಾವಲಿಲ್ಲದ ಜಾಗದ, ಎತ್ತಿಕೊಂಡು ಹೋಗಬಹುದಾದ ಶಿಲ್ಪದ ಜಿಪಿಎಸ್ ಅಂಕಿಗಳನ್ನು ಬಹಿರಂಗಪಡಿಸಬೇಡಿ, ಊರಿನ ಹೆಸರಷ್ಟೇ ಸಾಕು. ಫೋಟೋದ ಕಡತದೊಳಗೂ ಸ್ಥಳದ ಮಾಹಿತಿ ಅಡಗಿರುತ್ತದೆ, ಅದನ್ನೂ ತೆಗೆಯಿರಿ. ಶಾಸನದಲ್ಲಿ ಭೂಮಿ, ಜಾತಿ, ಗುಡಿಯ ಹಕ್ಕಿನ ಮಾತಿದ್ದರೆ ಅದನ್ನು ಇಂದಿನ ಜಗಳಕ್ಕೆ ತೀರ್ಪು ಎಂಬಂತೆ ಬರೆಯಬೇಡಿ. ಅದು ಅಂದಿನ ದಾನದ ದಾಖಲೆ, ಇಂದಿನ ಪಹಣಿಯಲ್ಲ.

ಕಾನೂನಿನ ವಿಷಯ ತಿಳಿದಿರಲಿ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ರಾಜ್ಯದ ಸ್ಮಾರಕಗಳಿಗೆ 1961ರ ಕರ್ನಾಟಕ ಕಾಯ್ದೆ ಇದೆ. ನೂರು ವರ್ಷ ದಾಟಿದ ಶಿಲ್ಪ, ಶಾಸನ, ನಾಣ್ಯಗಳು 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ನೆಲದಲ್ಲಿ ಸಿಕ್ಕ ನಿಧಿ ನಿಕ್ಷೇಪಕ್ಕೆ ಕರ್ನಾಟಕದ್ದೇ 1962ರ ಕಾಯ್ದೆ ಇದೆ. ಪಾಯ ತೋಡುವಾಗ ನಾಣ್ಯದ ಗಡಿಗೆ ಸಿಕ್ಕಿದರೆ ಹಂಚಿಕೊಳ್ಳದೆ ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಕಾಮಗಾರಿಗೆ ಯಂತ್ರ ಬಂದು ನಿಂತಿದ್ದರೆ ಸಮಯ ಕಡಿಮೆ. ಮೊದಲು ಫೋಟೋ, ಜಿಪಿಎಸ್, ಸರ್ವೆ ನಂಬರು. ಆಮೇಲೆ ಪಿಡಿಒ, ತಹಶೀಲ್ದಾರ್, ಇಲಾಖೆ ಮೂವರಿಗೂ ಬರಹದಲ್ಲಿ ದೂರು, ಸ್ವೀಕೃತಿ ಪಡೆಯಿರಿ. ಕಲ್ಲನ್ನು ಸರಿಸದೆ ವಿಧಿಯಿಲ್ಲ ಎಂದು ಇಲಾಖೆ ಹೇಳಿದರೆ ಕಬ್ಬಿಣದ ಸರಪಳಿ ಬದಲು ಅಗಲ ಬಟ್ಟೆಯ ಬೆಲ್ಟು, ಅಂಚಿಗೆ ಗೋಣಿಚೀಲ, ಕೆಳಗೆ ಮರದ ದಿಮ್ಮಿ ಇರಲಿ. ಮತ್ತೆ ನಿಲ್ಲಿಸುವಾಗ ಬರಹ ನೆಲದ ಮೇಲಿರಬೇಕು, ಮುಖ ಮೊದಲಿನ ದಿಕ್ಕಿಗೇ ಇರಬೇಕು. ಬುಡಕ್ಕೆ ಸಿಮೆಂಟ್ ಬೇಡ: ಅದರ ಲವಣಗಳು ತೇವದೊಡನೆ ಕಲ್ಲಿಗೆ ಏರಿ ಮೇಲ್ಮೈಯನ್ನು ಉದುರಿಸುತ್ತವೆ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಸಿಕ್ಕ, ಸುಮಾರು ಕ್ರಿ.ಶ. 750ರ ಕಿಟ್ಟಯ್ಯನ ಶಾಸನ ಉಳಿದದ್ದು ಅಲ್ಲಿನ ನಿವಾಸಿಗಳು ಕೂಡಲೇ ಗಮನಿಸಿ ಕಾಪಾಡಿದ್ದರಿಂದ. ಈಗ ಅಲ್ಲಿಯೇ ಅದಕ್ಕೊಂದು ಮಂಟಪವಿದೆ.

ದಾಖಲಿಸಿದ ಮೇಲೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ನಂತರ, ಮೊದಲ ಫೋಟೋ ತೆಗೆದ ಜಾಗದಿಂದಲೇ ಮತ್ತೊಂದು ಫೋಟೋ ತೆಗೆಯಿರಿ. ಹೊಸ ಒಡಕು, ವಾಲಿಕೆ, ಬುಡದಲ್ಲಿ ಅಗೆದ ಗುರುತು ಹಿಂದಿನದರ ಪಕ್ಕ ಇಟ್ಟಾಗ ತಾನೇ ಕಾಣುತ್ತದೆ. ಕಲ್ಲು ಕಾಣೆಯಾಗಿದ್ದರೆ ಅಳತೆ, ಫೋಟೋ, ಒಡಕುಗಳ ವಿವರ ಹಿಡಿದು ಅದೇ ದಿನ ಪೊಲೀಸ್ ಠಾಣೆಗೆ ಹೋಗಿ. ಕದ್ದ ವಿಗ್ರಹ, ಶಿಲ್ಪಗಳು ಎಂದಾದರೂ ಸಿಕ್ಕಾಗ ಅವು ಯಾವ ಊರಿನವು ಎಂದು ಸಾಬೀತು ಮಾಡುವುದು ಕಳುವಿಗೆ ಮೊದಲು ತೆಗೆದ ಫೋಟೋಗಳೇ.